ಎರಡನೆಯ ನೆಲದೊಲೆ

ನನಗೂ ನನ್ನ ವಾರಗಿತ್ತಿ ಅನಿಪಾಳಿಗೂ ಒಲೆಯ ವಿಷಯಕ್ಕೆ ಜಗಳವಾಗದ ಬೇಸಿಗೆಯೇ ಇಲ್ಲ. ಚಳಿಗಾಲವೆಲ್ಲ ಕೆಳಗಿನ ಊರಿನಲ್ಲಿ ಹಾಲು ಸಕ್ಕರೆಯಂತೆ ಇರುತ್ತೇವೆ. ಹಿಮ ಕರಗಿ, ಗುಡಾರವನ್ನು ಲಾರಿಗೆ ಹೇರಿಕೊಂಡು ಮೇಲಿನ ಹುಲ್ಲುಗಾವಲಿಗೆ ಬಂದಿಳಿದೆವೋ, ಹಾವು ಮುಂಗುಸಿ. ಒಲೆ ಗುಡಾರದ ಬಾಗಿಲ ಹತ್ತಿರವೇ ಇರಲಿ, ಒಳಗೆ ಒಯ್ಯುವಷ್ಟರಲ್ಲಿ ಚಹಾ ಆರಬಾರದು ಎಂದು ನಾನು. ದಿಬ್ಬದ ಮಗ್ಗುಲಲ್ಲಿ ತೋಡಿದರೆ ಮಾತ್ರ ಬೆಂಕಿ ಚೆನ್ನಾಗಿ ಎಳೆಯುತ್ತದೆ, ಸಮತಟ್ಟು ನೆಲದ ಒಲೆ ಸೋಮಾರಿಗಳ ಒಲೆ ಎಂದು ಅವಳು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಬಾಯಲ್ಲಿ ಇನ್ನೂ ಹಿರಿಯಳು. ಕೊನೆಗೆ ಗೆಲ್ಲುವವಳು ಅವಳೇ. ಅಡುಗೆಗೆ ಕೂತಾಗ ಅವಳು ಹೇಳಿದ್ದೇ ಸರಿ ಎಂದು ನನಗೂ ಗೊತ್ತಾಗುತ್ತದೆ, ಆದರೆ ಬಾಯಿಬಿಟ್ಟು ಒಪ್ಪಿಕೊಳ್ಳುವವರು ಯಾರು?

ಆ ಸಲ ನಾವು ಬಂದ ಸಂಜೆ ಗುಡಾರ ಎತ್ತುವುದರಲ್ಲೇ ಕತ್ತಲಾಗಿತ್ತು. ಮರುದಿನ ಬೆಳಗಾಗುತ್ತಲೇ ಅನಿಪಾ ಅಕ್ಕ ಸೆರಗು ಕಟ್ಟಿ ಎದ್ದಳು. ಅವಳ ಆತುರಕ್ಕೆ ಕಾರಣವಿತ್ತು. ಅವಳ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಇದ್ದವನು ಒಬ್ಬನೇ ಮಗ ಕುಬಾತ್. ಕುರಿಗಳನ್ನು ಲಾರಿಯಲ್ಲಿ ತರಲಾಗುವುದಿಲ್ಲವಲ್ಲ, ಅವನು ಇನ್ನಿಬ್ಬರು ಕುರುಬರ ಜೊತೆ ಮಂದೆ ಹೊಡೆದುಕೊಂಡು ಕಣಿವೆಯ ಹಳೆಯ ದಾರಿಯಲ್ಲಿ ನಮಗಿಂತ ಮೊದಲೇ ಹೊರಟಿದ್ದ. ಅಂದು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದು ಸೇರಬೇಕಿತ್ತು.

"ಹಸ್ಕೊಂಡು ಬರ್ತಾನೆ ಕಣೇ. ದಾರೀಲಿ ಒಣ ರೊಟ್ಟಿ ಬಿಟ್ರೆ ಏನಿರತ್ತೆ? ಅವನು ಕುದುರೆ ಇಳಿಯೋ ಹೊತ್ತಿಗೆ ನಂದು ಕೊಪ್ಪರಿಗೆ ಕುದೀತಿರ್ಬೇಕು," ಎನ್ನುತ್ತ ಅವಳು ಜೇಡಿಮಣ್ಣಿಗೆ ಕುರಿಯ ತುಪ್ಪಟದ ಚೂರು, ಬೂದಿ ಸೇರಿಸಿ ಕಾಲಲ್ಲಿ ತುಳಿಯತೊಡಗಿದಳು. ಒಲೆಯ ಬಾಯಿಗೆ ಬಳಿಯುವ ಮಣ್ಣು ಅದು. ತುಪ್ಪಟ ಹಾಕದಿದ್ದರೆ ಕಾವಿಗೆ ಬಿರುಕು ಬಿಡುತ್ತದೆ.

ನಾನು ನೀರಿಗೆ ಹೊರಟಿದ್ದೆ. ನನ್ನ ಗಂಡ ಜುಮಾಶ್ ಲಾರಿಯ ಹಿಂದಿನಿಂದ ಕೈಸನ್ನೆ ಮಾಡಿ ಕರೆದ. ಅವನ ಪಕ್ಕದಲ್ಲಿ ಬೆವರಿ ನೊರೆ ಬಿಟ್ಟ ಕುದುರೆಯೊಂದು ನಿಂತಿತ್ತು. ಅದನ್ನು ಏರಿ ಬಂದಿದ್ದ ಕುರುಬ ನೆಲದ ಮೇಲೆ ಕೂತು ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ಜೂರಾ, ಕೂಗ್ಬೇಡ," ಎಂದ ಜುಮಾಶ್. ಅವನ ಮುಖ ಸುಣ್ಣ ಬಳಿದಂತಿತ್ತು. "ಕುಬಾತ್ ಇಲ್ಲ. ಹೊಳೆ ತಗೊಂಡ್ಬಿಡ್ತು."

ನಾನು ಬಿಂದಿಗೆಯನ್ನು ಹಿಡಿದುಕೊಂಡೇ ನಿಂತಿದ್ದೆ. ಅವನು ಹೇಳುತ್ತ ಹೋದ. ಹಿಮ ಕರಗಿ ಹೊಳೆ ತುಂಬಿತ್ತಂತೆ. ಮರಿಯೊಂದು ಸೆಳವಿಗೆ ಸಿಕ್ಕಿತಂತೆ, ಕುಬಾತ್ ಅದರ ಹಿಂದೆ ಕುದುರೆ ಇಳಿಸಿದನಂತೆ. ಕುದುರೆ ದಡ ಹತ್ತಿತು. ಅವನು ಕೆಳಗೆ ಬಂಡೆಗಳ ಹತ್ತಿರ ಸಿಕ್ಕಿದನಂತೆ. ಹೆಣವನ್ನು ಹೊತ್ತು ತರುತ್ತಿದ್ದಾರೆ, ಸಂಜೆಯೊಳಗೆ ಇಲ್ಲಿಗೆ ಬರುತ್ತಾರೆ.

"ಅಕ್ಕಂಗೆ..." ಎಂದೆ ನಾನು.

"ಹೇಳ್ಬೇಡ. ಆಸಾನಾಲಿ ಹಿರಿಯರಿಗೆ ಇವನ ಕೈಲೇ ಹೇಳಿ ಕಳಿಸ್ತೀನಿ. ಅವರು ನಾಲ್ಕು ಜನ ದೊಡ್ಡೋರನ್ನ ಕರ್ಕೊಂಡು ಬರ್ತಾರೆ. ಅಲ್ಲಿವರೆಗೂ ನಿನ್ನ ಮುಖದಲ್ಲಿ ಏನೂ ಕಾಣಿಸ್ಕೂಡ್ದು. ಗೊತ್ತಾಯ್ತಾ?"

ನಮ್ಮಲ್ಲಿ ಹಾಗೆಯೇ. ಸಾವಿನ ಸುದ್ದಿಯನ್ನು ಬಾಯಿಗೆ ಬಂದವರು ಹೇಳುವಂತಿಲ್ಲ, ಒಬ್ಬಳೇ ಇರುವ ಹೆಂಗಸಿಗೆ ಹೇಳುವಂತಿಲ್ಲ, ಹಸಿದ ಹೊಟ್ಟೆಗಂತೂ ಹೇಳಲೇಬಾರದು. ಹಿರಿಯರು ಬರಬೇಕು, ಸುತ್ತ ನೆಂಟರಿಷ್ಟರು ಕೂರಬೇಕು, ಕೇಳುವವರ ಹೊಟ್ಟೆಗೆ ಎರಡು ತುತ್ತು ಬಿದ್ದಿರಬೇಕು, ಆಮೇಲೆ ಎಲ್ಲರಿಗಿಂತ ಹಿರಿಯನಾದವನು ಬಾಯಿ ತೆರೆಯಬೇಕು. ಆಮೇಲೆ ಎಷ್ಟು ದಿನ ಅನ್ನ ಇಳಿಯುತ್ತದೋ ಇಲ್ಲವೋ, ಅದಕ್ಕೇ ಈ ಪದ್ಧತಿ. ಒಳ್ಳೆಯದಕ್ಕೇ ಮಾಡಿದ್ದಾರೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಇದನ್ನು ಮಾಡಿದ ಅಜ್ಜಂದಿರು ಯಾರೂ ಹೆಣ್ಣೊಬ್ಬಳ ಪಕ್ಕದಲ್ಲಿ ಕೂತು, ಅವಳ ಸತ್ತ ಮಗನ ಊಟಕ್ಕೆ ಒಲೆ ಹೂಡಿರಲಿಕ್ಕಿಲ್ಲ. ಹೂಡಿದ್ದರೆ ಗೊತ್ತಾಗುತ್ತಿತ್ತು.

ನೀರು ತುಂಬಿಕೊಂಡು ಬಂದೆ. ಬೇಕೆಂದೇ ಮುಖಕ್ಕೆ ತಣ್ಣೀರು ಎರಚಿಕೊಂಡು ಬಂದೆ.

ಅಕ್ಕ ದಿಬ್ಬದ ಮಗ್ಗುಲಲ್ಲಿ ಹುಲ್ಲು ಬೇರೂರಿದ ಮೇಲ್ಮಣ್ಣನ್ನು ಚೌಕವಾಗಿ ಕತ್ತರಿಸಿ ಪಕ್ಕಕ್ಕಿಟ್ಟಿದ್ದಳು. ನಾವು ಮರಳಿ ಇಳಿಯುವಾಗ ಗುಂಡಿ ಮುಚ್ಚಿ ಅದನ್ನು ಹಾಗೆಯೇ ಹೊದಿಸಿ ಹೋಗುತ್ತೇವೆ. ಕೊಪ್ಪರಿಗೆಯನ್ನು ಬೋರಲು ಹಾಕಿ ಅದರ ಅಂಚಿನ ಸುತ್ತ ಚಾಕುವಿನಲ್ಲಿ ಗೆರೆ ಎಳೆದು, ಗೆರೆಯೊಳಗೆ ನಾಲ್ಕು ಬೆರಳು ಬಿಟ್ಟು ಅಗೆಯುತ್ತಿದ್ದಳು. ಗೆರೆಗೆ ಸರಿಯಾಗಿ ಅಗೆದರೆ ಕೊಪ್ಪರಿಗೆ ಒಳಕ್ಕೆ ಜಾರಿಬಿಡುತ್ತದೆ, ಅದರ ಕಿವಿಗಳು ನೆಲಕ್ಕೆ ಆತು ಕೂರಬೇಕು. ನಾನು ಮಾತಿಲ್ಲದೆ ಗುದ್ದಲಿ ತೆಗೆದುಕೊಂಡು ಕೆಳಗಿನಿಂದ ಉರಿಬಾಯಿ ಕೊರೆಯತೊಡಗಿದೆ.

ಸ್ವಲ್ಪ ಹೊತ್ತಿಗೆ ಅವಳ ಹಾರೆ ನಿಂತಿತು.

"ಏನೇ ಜೂರಾ, ನಾಲಿಗೆ ಊರಲ್ಲೇ ಬಿಟ್ಟು ಬಂದ್ಯಾ?"

"ಯಾಕಕ್ಕ?"

"ದಿಬ್ಬದ ಮಗ್ಗುಲಿಗೇ ಅಗೀತಿದೀನಿ. ಇಷ್ಟೊತ್ತಿಗೆ ನನ್ನ ಜನ್ಮ ಜಾಲಾಡ್ಬೇಕಿತ್ತು ನೀನು. ಜುಮಾಶ್ ಏನಾದ್ರೂ ಅಂದ್ನಾ? ಅಲ್ಲಿ ಲಾರಿ ಹಿಂದೆ ಏನು ಗುಸುಗುಸು?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಜಗಳವಾಡದೆ ಬೇರೆ ದಾರಿ ಇರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಹೇಳ್ಲಾ? ಕೇಳು ಮತ್ತೆ. ಪ್ರತಿ ವರ್ಷ ಇಲ್ಲೇ ತೋಡ್ಸಿ ತೋಡ್ಸಿ ನನ್ನ ಮಂಡಿ ಮುರ್ದಿದೀಯ. ಗುಡಾರ ಎಲ್ಲೋ, ಒಲೆ ಎಲ್ಲೋ! ಕೆಟಲು ಹಿಡ್ಕೊಂಡು ಓಡೋಳು ನಾನು, ಕೂತು ಹುಕುಂ ಮಾಡೋಳು ನೀನು. ಮುದುಕಿ ಆದ್ರೂ ಹಟ ಹೋಗ್ಲಿಲ್ಲ ನಿಂಗೆ. ನಡಿಸ್ಕೋ, ನಡಿಸ್ಕೋ. ಸೊಸೆ ಬರ್ಲಿ, ಆಗ ಗೊತ್ತಾಗತ್ತೆ!"

ಕೊನೆಯ ಮಾತು ಅಭ್ಯಾಸಬಲದಿಂದ ಬಂದುಬಿಟ್ಟಿತು. ವರ್ಷಾನುಗಟ್ಟಲೆ ನಾನು ಜಗಳ ಮುಗಿಸುವುದೇ ಆ ಮಾತಿನಿಂದ. ಆಡಿದ ಮೇಲೆ ಗುದ್ದಲಿಯ ಕಡೆ ಬಗ್ಗಿದೆ. ಅವಳೋ, ಬಾಯಿ ತುಂಬ ನಕ್ಕಳು.

"ಬರ್ಲಿ ಕಣೇ, ಬರ್ಲಿ! ಆ ಬಾಯಿಗೆ ಸಕ್ಕರೆ ಹಾಕ. ಬಂದವಳು ಬಾಗಿಲಲ್ಲೇ ಒಲೆ ಹಾಕ್ಕೊಂಡ್ರೂ ನಾನು ತುಟಿ ಪಿಟಕ್ ಅನ್ನಲ್ಲ."

ಯಾವ ಸೊಸೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ತೊರೆಯಾಚೆ ಗುಡಾರ ಹಾಕುವ ಆಸಾನಾಲಿ ಹಿರಿಯರ ಮೊಮ್ಮಗಳು ಬುರುಲ್. ಹೋದ ಬೇಸಿಗೆಯಲ್ಲಿ ಕುಬಾತ್ ಮತ್ತು ಅವಳು ಕುದುರೆಗೆ ನೀರು ಕುಡಿಸಲು ಒಂದೇ ಹೊತ್ತಿಗೆ ಹೋಗುತ್ತಿದ್ದುದನ್ನು ಇಡೀ ಕಣಿವೆ ನೋಡಿತ್ತು. ಸುಗ್ಗಿಯ ಹೊತ್ತಿಗೆ ಅನಿಪಾ ಅಕ್ಕ ಹೋಗಿ ಹೆಣ್ಣು ಕೇಳಿ ಬಂದಿದ್ದಳು. ಹಿರಿಯರು ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. "ಹುಲ್ಲುಗಾವಲಿಗೆ ಹೋದ ಮೇಲೆ ನಿನ್ನ ಗುಡಾರಕ್ಕೆ ಬಂದು ಹೇಳ್ತೀನಮ್ಮ," ಎಂದಿದ್ದರು. ಚಳಿಗಾಲವೆಲ್ಲ ಅಕ್ಕ ಆ ಮಾತಿನ ಮೇಲೆಯೇ ಬದುಕಿದ್ದಳು.

ಒಲೆ ತಯಾರಾಯಿತು. ಹೊಗೆ ಹೋಗಲು ಹಿಂದುಗಡೆ ಕೊರೆದು ಕೊಳವೆ ಸಿಕ್ಕಿಸಿದೆವು. ಅಕ್ಕ ಒಳಗೆಲ್ಲ ಒದ್ದೆ ಅಂಗೈಯಿಂದ ಮಣ್ಣು ಸವರಿ ನುಣುಪು ಮಾಡಿದಳು. ಗಾಳಿಗೆ ಅಡ್ಡವಾಗಿ ಜೊಂಡಿನ ತಡಿಕೆ ನಿಲ್ಲಿಸಿದೆವು. ಹಿಟ್ಟಿನ ಚೀಲ, ಉಪ್ಪಿನ ಡಬ್ಬಿ, ಸೌಟುಗಳನ್ನೆಲ್ಲ ಅವಳು ಕಣ್ಣು ಮುಚ್ಚಿದರೂ ಕೈಗೆ ಸಿಗುವಂತೆ ಜೋಡಿಸಿಕೊಂಡಳು. ಮೊದಲು ಆರ್ಚಾ ಮರದ ಕಡ್ಡಿಗಳ ಸಣ್ಣ ಬೆಂಕಿ ಹಾಕಿ ಒಲೆ ಒಣಗಿಸಿ, ಆಮೇಲೆ ಬೆರಣಿ ಒಟ್ಟಿದಳು. ಬೆಂಕಿ ಹಿಡಿದಾಗ ಒಂದು ಚೂರು ಕೊಬ್ಬನ್ನು ಉರಿಗೆ ಎಸೆದು ತನ್ನ ಗಂಡನ ಹೆಸರು ಹಿಡಿದು ಮಾತಾಡಿದಳು. ಸತ್ತವರಿಗೆ ನಾವು ವಾಸನೆಯಲ್ಲೇ ಉಣಿಸುವುದು.

"ಇಗೋ ನೋಡಪ್ಪ, ಈ ವರ್ಷದ್ದು ಮೊದಲ್ನೇ ಬೆಂಕಿ. ನಿನ್ನ ಮಗ ಹೊಳೆ ದಾಟ್ಕೊಂಡು ಬರ್ತಿದಾನೆ. ಕೈ ಹಿಡ್ಕೋ."

ಹೊಗೆ ಕಣ್ಣಿಗೆ ಹೋಯಿತೆಂದು ನಾನು ಎದ್ದು ತಡಿಕೆಯ ಆಚೆ ಹೋದೆ. ಅಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಕುಬಾತ್ ನನ್ನ ಕೈಯಲ್ಲೂ ಆಡಿ ಬೆಳೆದವನು. ಅವನು ಮೊದಲು ಹೆಜ್ಜೆ ಇಟ್ಟದ್ದೇ ನನ್ನ ಲಂಗ ಹಿಡಿದು.

ಅಷ್ಟರಲ್ಲಿ ಜುಮಾಶ್ ಊರೊಟ್ಟಿನ ದೊಡ್ಡ ಕೊಪ್ಪರಿಗೆಯನ್ನು ಕುದುರೆಯ ಮೇಲೆ ಕಟ್ಟಿಕೊಂಡು, ನೆರೆಯ ಗುಡಾರದವರಿಂದ ಕೇಳಿ ತಂದ ಒಂದು ದಪ್ಪ ಬಾಲದ ಕುರಿಯನ್ನೂ ಎಳೆದುಕೊಂಡು ಬಂದ. ತಪ್ಪು ಅವನದಲ್ಲ. ಸಂಜೆಯೊಳಗೆ ಕಣಿವೆಯ ಜನವೆಲ್ಲ ಬರುತ್ತಾರೆ, ಬಂದವರನ್ನು ಹಸಿದು ಕಳಿಸುವಂತಿಲ್ಲ, ಒಲೆ ಮೊದಲೇ ಸಿದ್ಧವಾಗಿರಬೇಕು. ಆದರೆ ಮಾರಾಯ, ಒಂದು ಮಾತು ಯೋಚಿಸಿಕೊಂಡು ಬರಬಾರದೇ? ನನ್ನ ಗಂಡನಿಗೆ ಸುಳ್ಳು ಹೇಳಲು ಬಂದಿದ್ದರೆ ನಾವು ಎಂದೋ ಉದ್ಧಾರವಾಗುತ್ತಿದ್ದೆವು.

"ಇದ್ಯಾಕೋ ಜುಮಾಶ್, ಇಷ್ಟು ದೊಡ್ಡ ಕೊಪ್ಪರಿಗೆ?" ಎಂದಳು ಅಕ್ಕ.

"ಅತ್ತಿಗೆ... ಜನ ಬರ್ತಾರೆ."

"ಯಾವ ಜನ?"

ಅವನು ನೆಲ ನೋಡಿದ. "ಆಸಾನಾಲಿ ಹಿರಿಯರು ಬರ್ತಿದಾರೆ. ಅವರ ಕಡೆಯೋರೂ ಬರ್ತಾರೆ."

"ಏನು ವಿಷ್ಯ?"

"ಅವರೇ ಬಂದು ಹೇಳ್ತಾರೆ, ಅತ್ತಿಗೆ."

ಅಕ್ಕ ಒಲೆಯ ಮುಂದಿನಿಂದ ಎದ್ದಳು. ಮಣ್ಣಿನ ಕೈಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಅವಳ ಮುಖ ಅರಳಿತು ನೋಡಿ, ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೆಣ್ಣು ಕೊಡುವವರು ಬರುವಾಗಲೂ ನಮ್ಮಲ್ಲಿ ಯಾಕೆ ಬಂದೆವೆಂದು ಮೊದಲೇ ಹೇಳುವುದಿಲ್ಲ. ಹಿರಿಯರು ಕುದುರೆ ಏರಿ ಬರುತ್ತಾರೆ, ಕುರಿ ಕಡಿಯುತ್ತಾರೆ, ಚಹಾ ಕುಡಿದು ಎರಡು ತುತ್ತು ತಿನ್ನುವವರೆಗೆ ಹವೆಯ ಬಗ್ಗೆ, ಹುಲ್ಲಿನ ಬಗ್ಗೆ ಮಾತಾಡುತ್ತಾರೆ. ಹಾಳಾದ ಪದ್ಧತಿ, ಶುಭಕ್ಕೂ ಅದೇ, ಅಶುಭಕ್ಕೂ ಅದೇ.

"ಜೂರಾ," ಎಂದು ನನ್ನ ತೋಳು ಹಿಡಿದಳು. "ಬಂದ್ರು ಕಣೇ! ಮಾತು ಉಳಿಸ್ಕೊಂಡ್ರು ದೊಡ್ಡೋರು. ಮಗ ಬರೋ ದಿನವೇ ನೋಡಿ ಇಟ್ಕೊಂಡಿದಾರೆ. ಅದಕ್ಕೇನೇ ಗಂಡ ಹೆಂಡ್ತಿ ಬೆಳಗಿಂದ ಕಳ್ಳರ ಥರ ಆಡ್ತಿರೋದು? ನಂಗೆ ಮೊದಲೇ ವಾಸನೆ ಹೊಡೀತು."

"ಅಕ್ಕ, ಹಾಗಂತ ಯಾರಂದ್ರು? ಸುಮ್ನೆ ಏನೇನೋ ಅಂದ್ಕೋಬೇಡ," ಎಂದೆ.

"ಮತ್ತೇನಕ್ಕೆ ಬರ್ತಾರೆ, ಹೇಳು."

ಏನೆಂದು ಹೇಳಲಿ? ಒಂದು ಕಾರಣ ಅಲ್ಲವೆಂದರೆ ಇನ್ನೊಂದು ಕಾರಣ ಬೇಕಲ್ಲ. ಜುಮಾಶ್ ಕುರಿಯನ್ನು ಎಳೆದುಕೊಂಡು ತೊರೆಯ ಕಡೆ ಹೋಗಿಯೇಬಿಟ್ಟ.

ಎರಡನೆಯ ನೆಲದೊಲೆಯನ್ನು ನಾನು ಅಗೆಯುತ್ತೇನೆ ಎಂದೆ. ಅವಳು ಗುದ್ದಲಿ ಕಿತ್ತುಕೊಂಡಳು.

"ಬಿಡೇ, ನನ್ನ ಮಗನ ಮದುವೆ ಮಾತಿನ ಒಲೆ ನೀನ್ಯಾಕೆ ಅಗೀಬೇಕು? ನೀನು ಬೇಕಾದ್ರೆ ಬಾಗಿಲ ಹತ್ರ ತೋಡು ಅನ್ನು, ಇವತ್ತು ನಿನ್ನ ಮಾತೇ ನಡೀಲಿ."

ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಸೋತಳು. ನನಗೆ ಬೇಡವಾಗಿತ್ತು ಆ ಗೆಲುವು. "ಬೇಡ ಅಕ್ಕ, ನೀನು ಹೇಳಿದ ಕಡೆಯೇ ಇರ್ಲಿ," ಎಂದೆ. ಮೊದಲ ಒಲೆಯ ಪಕ್ಕದಲ್ಲೇ ಗೆರೆ ಎಳೆದು ಶುರು ಮಾಡಿದಳು. ದೊಡ್ಡ ಕೊಪ್ಪರಿಗೆಯ ಒಲೆ ಮೊಣಕಾಲಿನಷ್ಟು ಆಳ ಬೇಕು. ಅಷ್ಟು ವಯಸ್ಸಾದ ಹೆಂಗಸು ಯಾರ ಕೈಗೂ ಕೊಡದೆ, ನಡುನಡುವೆ ಗುನುಗುತ್ತ, ಏದುಸಿರು ಬಿಡುತ್ತ, ತನ್ನ ಮಗನ ಸಾವಿನ ಅಡುಗೆಗೆ ಒಲೆ ತೋಡಿದಳು. ನಾನು ಪಕ್ಕದಲ್ಲಿ ಕೂತು ಮಣ್ಣು ಎತ್ತಿ ಹಾಕಿದೆ. ದೇವರೇ, ಈ ಹಿರಿಯರು ಬೇಗ ಬರಬಾರದೇ ಎಂದು ಒಮ್ಮೆ ಅನ್ನಿಸುತ್ತಿತ್ತು, ಇವತ್ತೊಂದು ದಿನ ಬರದೇ ಇರಲಪ್ಪ ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ಮಾಂಸ ಬಂತು. ಅಕ್ಕ ಅದರಲ್ಲಿ ಕಲೀಜವನ್ನೂ ಬಾಲದ ಕೊಬ್ಬನ್ನೂ ಬೇರೆ ಎತ್ತಿಟ್ಟಳು. ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಕೂತು ಬಾಲದ ಕೊಬ್ಬು, ಕಲೀಜ ಒಟ್ಟಿಗೆ ತಿಂದರೆ ಮಾತು ಕೊಟ್ಟಂತೆ, ಹೆಣ್ಣು ಆ ಮನೆಯದಾದಂತೆ. ಮುಟ್ಟದೆ ಎದ್ದರೆ ಸಂಬಂಧ ಬೇಡವೆಂದಂತೆ. ನಡುವಿನ ದಾರಿ ಇಲ್ಲ.

"ಅಕ್ಕ, ಅದನ್ನ ಇವತ್ತೇ ಬೇಯಿಸ್ಬೇಡ. ಕುಬಾತ್..." ಕೊಬ್ಬಿನ ತುಂಡಿನ ಮೇಲೆ ಕೈಯಿಟ್ಟೆ. "ಅವರು ಮೊದ್ಲು ಬಾಯ್ಬಿಟ್ಟು ಹೇಳ್ಲಿ."

"ಹೇಳೋವರೆಗೂ ಕಾಯೋದಾ? ತಟ್ಟೆ ಮುಂದೆ ಇಟ್ರೆ ತಾನೆ ಹೇಳೋದು! ನಿನ್ನ ಮದುವೇಲಿ ನಿಮ್ಮಪ್ಪನ ಮುಂದೆ ಈ ತಟ್ಟೆ ಇಟ್ಟವಳೇ ನಾನು. ನಂಗೆ ಹೇಳಿಕೊಡ್ತೀಯಾ? ಹೋಗು, ಹೋಗಿ ಈರುಳ್ಳಿ ಹೆಚ್ಚು."

ಈರುಳ್ಳಿ ಹೆಚ್ಚಿದೆ. ಆ ದಿನ ನಾನು ಅಷ್ಟು ಈರುಳ್ಳಿ ಹೆಚ್ಚಿದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ.

ಹಿರಿಯರು ಬಂದಾಗ ಬಿಸಿಲು ಇನ್ನೂ ಚುರುಕಾಗಿತ್ತು. ಕುದುರೆಗಳು ಸಾಲಾಗಿ ತೊರೆ ದಾಟಿ ಬಂದವು. ಯಾರ ಬಾಯಲ್ಲೂ ಮಾತಿಲ್ಲ, ನಗೆಯಿಲ್ಲ. ಹೆಂಗಸರು ನಡೆದು ಬಂದರು. ಅವರ ನಡುವೆ ಬುರುಲ್ ಇದ್ದಳು. ಕಣ್ಣು ಕೆಂಡದಂತಾಗಿತ್ತು, ತುಟಿ ಕಚ್ಚಿಕೊಂಡಿದ್ದಳು. ಬರಬೇಡ ಎಂದು ಮನೆಯವರು ಎಷ್ಟು ಹೇಳಿದರೂ ಕೇಳದೆ ಬಂದಳೆಂದು ಆಮೇಲೆ ತಿಳಿಯಿತು.

"ನೋಡೇ ಗಾಂಭೀರ್ಯ!" ಎಂದು ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು. "ಅಯ್ಯೋ, ಹುಡುಗೀನೂ ಕರ್ಕೊಂಡ್ಬಂದಿದಾರಲ್ಲೇ! ನಮ್ಮ ಕಾಲದಲ್ಲಿ ಹುಡುಗಿ ಹೀಗೆ ಬಂದಿದ್ರೆ ತಲೆ ಎತ್ತಕ್ಕಾಗ್ತಿರ್ಲಿಲ್ಲ. ಅತ್ತಿದಾಳೆ ಪಾಪ. ಮದುಮಗಳಾಗೋಳು ಅಳದೇ ಇರ್ತಾಳಾ?"

ಎಲ್ಲರೂ ಗುಡಾರದೊಳಗೆ ಸುತ್ತಲೂ ಕೂತರು. ಎದುರಿನ ಗೌರವದ ಜಾಗದಲ್ಲಿ ಆಸಾನಾಲಿ ಹಿರಿಯರು, ಅವರ ಪಕ್ಕದಲ್ಲಿ ಇನ್ನಿಬ್ಬರು ಬಿಳಿಗಡ್ಡದವರು, ಬಾಗಿಲ ಬಳಿ ಜುಮಾಶ್, ಬಲಗಡೆ ಹೆಂಗಸರು. ಹಾಸಿನ ಮೇಲೆ ಹೊಸದಾಗಿ ಕರಿದ ಹಿಟ್ಟಿನ ತುಂಡುಗಳ, ಬೊರ್ಸೊಕ್‌ಗಳ ರಾಶಿ ಬಿಸಿಯಾಡುತ್ತಿತ್ತು. ನಾನು ಚಹಾ ಬಗ್ಗಿಸಿದೆ. ಹವೆಯ ಮಾತಾಯಿತು, ಹುಲ್ಲಿನ ಮಾತಾಯಿತು. ಹಿರಿಯರು ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು.

"ಅನಿಪಾ," ಎಂದರು ಅವರು. "ಬೆಳಗಿಂದ ಕೆಲಸ ಮಾಡಿದೀಯ. ಮೊದ್ಲು ನೀನು ಕೂತು ಎರಡು ತುತ್ತು ತಿನ್ನಮ್ಮ."

"ಎಲ್ಲಾದ್ರೂ ಉಂಟಾ, ಹಿರಿಯರೇ? ನೀವು ಮುಟ್ಟದೆ ನಾನು ಹೇಗೆ ತಿನ್ನಲಿ?" ಎಂದು ಅವಳು ಎದ್ದು ಹೋದಳು. ಹೊರಗಿನಿಂದ ತಟ್ಟೆ ತಂದು ಅವರ ಮುಂದಿಟ್ಟಳು. ತೆಳ್ಳಗೆ ಕೊಯ್ದ ಕಲೀಜ, ಅದರ ಮೇಲೆ ಒಂದೊಂದು ಬಿಳಿ ಕೊಬ್ಬಿನ ಪದರ. ಅವಳ ಕೈಯ ಕೆಲಸ ಯಾವಾಗಲೂ ಚೊಕ್ಕಟ.

ಆಸಾನಾಲಿ ಹಿರಿಯರಿಗೆ ಎಲ್ಲ ಅರ್ಥವಾಯಿತು. ಅವರು ಜುಮಾಶನ ಮುಖ ನೋಡಿದರು, ಅವನು ತಲೆ ಬಗ್ಗಿಸಿದ. ತಿಂದರೆ ಸತ್ತವನಿಗೆ ಮೊಮ್ಮಗಳನ್ನು ಕೊಟ್ಟಂತೆ. ತಿನ್ನದಿದ್ದರೆ ಈ ತಾಯಿ ತುತ್ತು ಮುಟ್ಟುವುದಿಲ್ಲ, ತುತ್ತು ಮುಟ್ಟದವಳಿಗೆ ಸುದ್ದಿ ಹೇಳುವಂತಿಲ್ಲ. ಹೊರಗೆ ಹೊತ್ತು ಜಾರುತ್ತಿದೆ, ಹೆಣ ಬರುವುದರಲ್ಲಿದೆ.

ಅನಿಪಾ ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಕೈಯೂ ತಟ್ಟೆಗೆ ಬರಲಿಲ್ಲ. ಅವಳ ಮುಖದ ಬೆಳಕು ಇಳಿಯುತ್ತ ಹೋಯಿತು.

"ಏನು ಕಮ್ಮಿ ಆಗಿದೆ, ಹಿರಿಯರೇ?" ಎಂದಳು ಮೆಲ್ಲಗೆ. "ಬೇಡ ಅನ್ನಕ್ಕೆ ಇಷ್ಟು ಜನ ಬರ್ಬೇಕಿತ್ತಾ? ತಂದೆ ಇಲ್ಲದ ಮಗ ಅಂತಾನಾ? ಕೆಟ್ಟ ಚಾಳಿ ಒಂದಾದ್ರೂ ಇದೆಯಾ ನನ್ನ ಕುಬಾತ್‌ಗೆ? ನೀವೇ ಹೇಳಿ. ಈ ಕಣಿವೇಲಿ ಅವನಿಗಿಂತ ಒಳ್ಳೇ ಹುಡುಗ ಯಾರಿದಾನೆ?"

"ಯಾರೂ ಇಲ್ಲಮ್ಮ," ಎಂದರು ಹಿರಿಯರು. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಯಾರೂ ಇಲ್ಲ."

"ಮತ್ತೆ?"

ಆಗ ಬುರುಲ್ ಎದ್ದಳು. ಅವಳ ತಾಯಿ ಸೆರಗು ಹಿಡಿದು ಜಗ್ಗಿದರೂ ಕೊಸರಿಕೊಂಡಳು. ಗಂಡಸರ ಮುಂದೆ ಹಾಯ್ದು ಬಂದು, ಹಾಸಿನ ಅಂಚಿನಲ್ಲಿ ಮಂಡಿಯೂರಿ, ತಟ್ಟೆಯಿಂದ ಒಂದು ಚೂರು ಕಲೀಜವನ್ನು ಕೊಬ್ಬಿನ ಸಮೇತ ಎತ್ತಿ ಬಾಯಿಗೆ ಹಾಕಿಕೊಂಡಳು. "ಬುರುಲ್!" ಎಂದರು ಅವಳ ಅಜ್ಜ. ಅದು ಗದರಿಕೆಯಾಗಿರಲಿಲ್ಲ, ನರಳಿಕೆಯಾಗಿತ್ತು.

ಅನಿಪಾ ಅಕ್ಕ ನಕ್ಕುಬಿಟ್ಟಳು, ಅತ್ತುಬಿಟ್ಟಳು. "ನೋಡಿದ್ರಾ, ನೋಡಿದ್ರಾ! ನಿಮಗಿಂತ ನನ್ನ ಸೊಸೇನೇ ಗಟ್ಟಿಗಿತ್ತಿ!" ಎನ್ನುತ್ತ ತಾನೂ ಒಂದು ಚೂರು ತೆಗೆದು ಬಾಯಿಗಿಟ್ಟಳು. ಬೆಳಗಿನಿಂದ ಅವಳ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು. ಇನ್ನೊಂದನ್ನೂ ತಿಂದಳು.

ಆಸಾನಾಲಿ ಹಿರಿಯರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು.

"ಅನಿಪಾ, ನನ್ನ ತಂಗಿ. ನಡು ಗಟ್ಟಿಯಾಗಿ ಕಟ್ಕೋ. ಕೊಟ್ಟವನು ವಾಪಸ್ ಕೇಳಿದ. ನಿನ್ನ ಕುಬಾತ್ ಹೊಳೆ ದಾಟ್ಲಿಲ್ಲಮ್ಮ."

ಅವಳು ಕಿರುಚುತ್ತಾಳೆ ಎಂದು ನಾನು ಎರಡೂ ತೋಳು ಚಾಚಿ ಕೂತಿದ್ದೆ. ಕಿರುಚಲಿಲ್ಲ. ಹಿರಿಯರನ್ನು ನೋಡಿದಳು, ಜುಮಾಶನನ್ನು ನೋಡಿದಳು, ನನ್ನನ್ನು ನೋಡಿದಳು. ಬೆಳಗಿನಿಂದ ನಾನು ಮಾಡಿದ್ದು, ಮಾತಾಡಿದ್ದು, ಮಾತಾಡದೆ ಬಿಟ್ಟದ್ದು ಎಲ್ಲ ಅವಳ ಕಣ್ಣ ಮುಂದೆ ಹಾದುಹೋದದ್ದು ನನಗೆ ಕಂಡಿತು. ಆಮೇಲೆ ಅವಳ ದೃಷ್ಟಿ ಹುಡುಗಿಯ ಮೇಲೆ ಬಿತ್ತು. ಮರುಕ್ಷಣ ಹಾಸಿನ ಮೇಲಿದ್ದ ಬಟ್ಟಲುಗಳೆಲ್ಲ ಉರುಳಿ ಬೀಳುವಂತೆ ಹಾರಿ ಹೋಗಿ ಅವಳ ದವಡೆ ಹಿಡಿದಳು.

"ಉಗಿ! ಉಗಿ, ಮಗಳೇ! ಅವನಿಲ್ಲ ಕಣೇ, ಇಲ್ಲದವನನ್ನ ಯಾಕೆ ಕಟ್ಕೊಂಡೆ? ನಿಂಗಿನ್ನೂ ಬಾಳು ಇದೆ, ಉಗಿಯೇ!" ಬಾಯೊಳಗೆ ಬೆರಳು ಹಾಕಿದಳು. ಬೆನ್ನಿಗೆ ಗುದ್ದಿದಳು. ತನ್ನ ಮಗ ಸತ್ತನೆಂದು ಕೇಳಿದ ಗಳಿಗೆಯಲ್ಲಿ ಅವಳು ಪರರ ಮಗಳನ್ನು ಬಿಡಿಸಲು ಒದ್ದಾಡಿದಳು.

ಬುರುಲ್ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

"ನುಂಗಿಬಿಟ್ಟೆ, ಅತ್ತೆ," ಎಂದಳು.

ಆಗ ಅನಿಪಾ ಅಕ್ಕನ ಗಂಟಲಿನಿಂದ ಸ್ವರ ಎದ್ದಿತು. ಅಂಥ ಸ್ವರ ನಾನು ಅದಕ್ಕೆ ಮೊದಲು ಕೇಳಿಲ್ಲ, ಮುಂದೆ ಕೇಳಿಸುವುದೂ ಬೇಡ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅತ್ತರು. ಮನೆಯ ಹೆಂಗಸರು ಸಾವಿಗೆ ಕೂರುವ ಹಾಗೆ ಅವರಿಬ್ಬರನ್ನೂ ಗೋಡೆಯ ಕಡೆ ಮುಖ ಮಾಡಿ ಅಕ್ಕಪಕ್ಕ ಕೂರಿಸಿದೆವು. ಹುಡುಗಿಗೆ ವಿಧವೆಯ ಕಪ್ಪು ವಸ್ತ್ರ ಹೊದಿಸಬೇಕೋ ಬೇಡವೋ ಎಂದು ಬಿಳಿಗಡ್ಡದವರು ಬಾಗಿಲಲ್ಲಿ ನಿಂತು ಪಿಸುಗುಟ್ಟತೊಡಗಿದರು. ತಿನ್ನುವ ಮೊದಲೇ ಹುಡುಗ ಸತ್ತಿದ್ದ, ಲೆಕ್ಕಕ್ಕೆ ಬರುವುದಿಲ್ಲ ಎಂದರು ಒಬ್ಬರು. ತುತ್ತು ತುತ್ತೇ ಎಂದರು ಇನ್ನೊಬ್ಬರು. ನನಗೆ ಮೈಯೆಲ್ಲ ಉರಿದುಹೋಯಿತು. "ಅವಳು ತಿಂದಿದ್ದು ಅವಳಿಗೆ ಗೊತ್ತು, ನೀವು ಹೋಗಿ ಗುಂಡಿ ಅಗೀರಿ," ಎಂದುಬಿಟ್ಟೆ. ಹಿರಿಯರ ಮುಂದೆ ಆಡುವ ಮಾತಲ್ಲ.

ಕಣಿವೆಯ ಕೆಳಗಿನಿಂದ ಗಂಡಸರ ಗೋಳಿನ ದನಿ ಕೇಳಿಸಿತು. ಅವನನ್ನು ತರುತ್ತಿದ್ದರು. ಗುಡಾರದೊಳಗೆ ಅನಿಪಾ ಅಕ್ಕ ಮಗನ ಹೆಸರು ಹಿಡಿದು ಹಾಡಿ ಅಳುತ್ತ, ನಡುನಡುವೆ ನಿಲ್ಲಿಸಿ, ಪಕ್ಕದವಳ ತಲೆ ಸವರಿ, "ಏನಾದ್ರೂ ತಿಂದ್ಯಾ ಬೆಳಗಿಂದ?" ಎಂದು ಕೇಳುತ್ತಿದ್ದಳು. ನಾನು ಹೊರಗೆ ಬಂದು ದೊಡ್ಡ ಒಲೆಗೆ ಬೆರಣಿ ತುಂಬಿ ಬೆಂಕಿ ಹಚ್ಚಿದೆ. ಬರುವವರಿಗೆಲ್ಲ ಬಡಿಸಬೇಕಿತ್ತು.